ಕೊನೆಯ ಪುಟದ ಅಡಿಯ ಸಾಲು

ಕನ್ನಡದ ಯಾವುದೇ ದಿನಪತ್ರಿಕೆಯನ್ನು ತೆಗೆದು ನೋಡಿ. ಕೊನೆಯ ಪುಟದ ಅಡಿಯಲ್ಲೋ, ಕೆಲವು ಪತ್ರಿಕೆಗಳಲ್ಲಿ ಒಳಪುಟದ ಮೂಲೆಯಲ್ಲೋ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಒಕ್ಕಣೆ ಇರುತ್ತದೆ. ಇಂಥ ಸಂಸ್ಥೆಯ ಪರವಾಗಿ ಇಂಥವರು ಇಂಥ ಮುದ್ರಣಾಲಯದಲ್ಲಿ ಮುದ್ರಿಸಿ, ಇಂಥ ವಿಳಾಸದಿಂದ ಪ್ರಕಟಿಸಿದ್ದಾರೆ; ಸಂಪಾದಕರು ಇಂಥವರು ಎಂದು. ಪತ್ರಿಕೆ ಕೊಳ್ಳುವ ನೂರು ಮಂದಿಯಲ್ಲಿ ಒಬ್ಬರಾದರೂ ಅದನ್ನು ಓದುತ್ತಾರೋ ಇಲ್ಲವೋ ಕಾಣೆ. ನನ್ನ ಮಟ್ಟಿಗೆ ಇಡೀ ಪತ್ರಿಕೆಯಲ್ಲಿ ಅತ್ಯಂತ ಮುಖ್ಯವಾದ ಸಾಲು ಅದೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಈಗ ಪತ್ರಕರ್ತರಾಗಿದ್ದಾರೆ. ಪತ್ರಿಕೋದ್ಯಮದ ಪ್ರಕಾರಗಳ ಕುರಿತು ಬರೆಯಿರಿ ಮೇಷ್ಟ್ರೇ ಎಂದು ಅವರಲ್ಲೊಬ್ಬರು ಬಹಳ ದಿನದಿಂದ ಕೇಳುತ್ತಿದ್ದರು. ಪಠ್ಯಪುಸ್ತಕದ ಪಟ್ಟಿ ನಿಮಗೆ ಗೊತ್ತೇ ಇದೆ: ವರದಿ, ಸಂಪಾದಕೀಯ, ಅಂಕಣ, ನುಡಿಚಿತ್ರ, ತನಿಖಾ ವರದಿ, ಕೃಷಿ, ಕ್ರೀಡೆ, ಸಿನಿಮಾ. ಪರೀಕ್ಷೆಗೆ ಅದು ಸಾಕು. ಆದರೆ ಬರೆದ ಮಾತಿಗೆ ಹೊಣೆ ಹೊರುವವರು ಯಾರು ಎಂಬ ಪ್ರಶ್ನೆಯನ್ನು ಹಿಡಿದು ಇತಿಹಾಸವನ್ನು ನೋಡಿದರೆ ಆ ಪಟ್ಟಿ ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಆದ್ದರಿಂದ ನಾನು ಅಡಿಯ ಸಾಲಿನಿಂದಲೇ ಆರಂಭಿಸುತ್ತೇನೆ.

ಆ ಸಾಲನ್ನು ಪತ್ರಿಕೆಗಳು ತಾವಾಗಿಯೇ ಹಾಕಿಕೊಂಡದ್ದಲ್ಲ. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯಿದೆ ಅದನ್ನು ಕಡ್ಡಾಯ ಮಾಡಿತು. ಮುದ್ರಕನೂ ಪ್ರಕಾಶಕನೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಿಕೊಳ್ಳಬೇಕು, ಪ್ರತಿಯೊಂದು ಪ್ರತಿಯಲ್ಲಿಯೂ ಹೆಸರು ಸ್ಥಳಗಳು ಅಚ್ಚಾಗಬೇಕು. ಸಂಪಾದಕನ ಹೆಸರೂ ಇರಬೇಕೆಂಬ ನಿಯಮ ಸೇರಿದ್ದು 1922ರಲ್ಲಿ. ಬ್ರಿಟಿಷ್ ಸರ್ಕಾರಕ್ಕೆ ಇದರಲ್ಲಿದ್ದ ಆಸಕ್ತಿ ಓದುಗನ ಹಿತದ್ದಲ್ಲ; ತಪ್ಪಿತಸ್ಥನೆಂದು ಯಾರನ್ನು ಹಿಡಿಯಬೇಕು ಎಂಬುದು ಮೊದಲೇ ಗೊತ್ತಿರಲಿ ಎಂಬುದು. ಅದಕ್ಕೂ ಮೊದಲೇ, 1780ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ಮುದ್ರಿತ ಪತ್ರಿಕೆಯನ್ನು ಹೊರಡಿಸಿದ ಜೇಮ್ಸ್ ಆಗಸ್ಟಸ್ ಹಿಕ್ಕಿ, ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸರನ್ನು ಚುಚ್ಚಿ ಬರೆದು ಸೆರೆಮನೆ ಸೇರಿದ್ದ. 1782ರಲ್ಲಿ ಅವನ ಅಚ್ಚಿನ ಮೊಳೆಗಳನ್ನೇ ಸರ್ಕಾರ ಜಪ್ತಿ ಮಾಡಿತು. ಹಿಕ್ಕಿ ದೊಡ್ಡ ಸಂತನೇನಲ್ಲ, ಅವನ ಪತ್ರಿಕೆಯಲ್ಲಿ ಚಾಡಿಮಾತೂ ಸಾಕಷ್ಟಿತ್ತು. ಆದರೆ ಹೆಸರು ಹಾಕಿಕೊಂಡೇ ಬರೆದ.

ನಮ್ಮ ನುಡಿಯ ಮೊದಲ ಪತ್ರಿಕೆ ಇಂಥ ಜಗಳದಿಂದ ಹುಟ್ಟಲಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪಾಕ್ಷಿಕ. ಊರಿನ ಸುದ್ದಿ, ಕಂಪನಿ ಸರ್ಕಾರದ ಆಜ್ಞೆಗಳು, ದೂರದೇಶದ ವರ್ತಮಾನ, ಕಥೆ, ಬುದ್ಧಿಮಾತು, ದಾಸರ ಪದ ಎಲ್ಲವೂ ಒಂದೇ ಬುಟ್ಟಿಯಲ್ಲಿ. ಮೋಗ್ಲಿಂಗರಿಗೆ ಮತಪ್ರಚಾರದ ಉದ್ದೇಶವಿತ್ತು ಎಂಬುದನ್ನು ಮರೆಯಬೇಕಾಗಿಲ್ಲ. ಆದರೂ ಊರಿನಾಚೆಗೆ ಏನು ನಡೆಯುತ್ತಿದೆ, ಸರ್ಕಾರ ಯಾವ ಕಟ್ಟಳೆ ಮಾಡಿದೆ ಎಂಬುದು ಕಚೇರಿಯ ಗುಮಾಸ್ತನ ಬಾಯಿಯಿಂದಲ್ಲದೆ ಕಾಗದದ ಮೇಲೆ ಬಂದದ್ದು ಕನ್ನಡಿಗನಿಗೆ ಹೊಸ ಅನುಭವವೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿಕೊಂಡು, ಹೆಚ್ಚು ಕಾಲ ಬಾಳದೆ ನಿಂತುಹೋಯಿತು. ಜುಲೈ 1ನ್ನು ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತೇವೆ.

ಸುದ್ದಿಯನ್ನು ತಿಳಿಸುವುದು ಒಂದು ಕೆಲಸ. ಅದರ ಮೇಲೆ ತೀರ್ಪು ಹೇಳುವುದು ಇನ್ನೊಂದು. ಎರಡನೆಯದನ್ನು ಹಳೆಯ ಮೈಸೂರಿಗೆ ಕಲಿಸಿದವರು ಒಬ್ಬ ಮೇಷ್ಟ್ರು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು (1844–1933), ಜನರ ಬಾಯಲ್ಲಿ ತಾತಯ್ಯನವರು, ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮುಂತಾದ ಪತ್ರಿಕೆಗಳನ್ನು ನಡೆಸಿದರು. ಪಾಠ ಹೇಳುವವರ ಅಭ್ಯಾಸವೇ ಅದು: ಸಂಗತಿಯನ್ನು ಹೇಳಿ ಸುಮ್ಮನಿರಲಾಗದು, ‘ಆದ್ದರಿಂದ’ ಎಂದು ಮುಂದುವರಿಯಬೇಕು. ಆ ‘ಆದ್ದರಿಂದ’ವೇ ಸಂಪಾದಕೀಯ. ಸಂಪಾದಕೀಯದ ಕೆಳಗೆ ಹೆಸರಿರುವುದಿಲ್ಲವಲ್ಲ ಎಂದು ತರಗತಿಯಲ್ಲಿ ಕೆಲವರು ಕೇಳುತ್ತಿದ್ದಿರಿ. ಹೆಸರು ಬೇಕಾಗಿಲ್ಲ, ಅಲ್ಲಿ ಮಾತನಾಡುವುದು ಪತ್ರಿಕೆಯೇ. ಅದಕ್ಕೆ ಸಹಿ ಅಡಿಯ ಸಾಲಿನಲ್ಲಿ ಬಿದ್ದಿರುತ್ತದೆ.

1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ನಿಬಂಧನೆಯನ್ನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. ತಾತಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬಾಗಿ ನಡೆಸುವುದಕ್ಕಿಂತ ಮುಚ್ಚುವುದೇ ಲೇಸೆಂದ ಈ ನಿರ್ಧಾರ ಸರಿಯೇ ಎಂದು ಇಂದೂ ವಾದಿಸಬಹುದು. ಪತ್ರಿಕೆಗಳು ನಿಂತರೆ ಸರ್ಕಾರಕ್ಕೆ ಬೇಕಾದದ್ದೇ ಆಗಲಿಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳುತ್ತಿದ್ದರು. ಆಗ ಇಪ್ಪತ್ತರ ಹರೆಯದಲ್ಲಿದ್ದ ಡಿ.ವಿ. ಗುಂಡಪ್ಪನವರು ಬೇರೆ ಹಾದಿ ಹಿಡಿದರು. 1913ರಲ್ಲಿ ಇಂಗ್ಲಿಷಿನಲ್ಲಿ ‘ದಿ ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿ, ಸಂಸ್ಥಾನದ ಆಡಳಿತವನ್ನು ಕುರಿತು ಅಳೆದು ತೂಗಿ ಬರೆದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ಮಂಕುತಿಮ್ಮನ ಕಗ್ಗ’ದ ಡಿವಿಜಿಯವರನ್ನು ಮಾತ್ರ ಬಲ್ಲವರು, ಅವರು ಮೊದಲಿಗೆ ಪತ್ರಕರ್ತರು ಎಂಬುದನ್ನು ನೆನಪಿಡಬೇಕು.

ಅದೇ 1908ರಲ್ಲಿ ಮುಂಬಯಿ ಪ್ರಾಂತದಲ್ಲಿ ನಡೆದದ್ದು ಇನ್ನೂ ಉಗ್ರ. ‘ಕೇಸರಿ’ಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಮಂಡಾಲೆಗೆ ಕಳುಹಿಸಲಾಯಿತು. ಅಲಹಾಬಾದಿನ ‘ಸ್ವರಾಜ್ಯ’ ಎಂಬ ಉರ್ದು ವಾರಪತ್ರಿಕೆಯ ಕಥೆಯನ್ನು ಹತ್ತನೆಯ ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. 1907ರಿಂದ ಸುಮಾರು ಎರಡೂವರೆ ವರ್ಷದಲ್ಲಿ ಆ ಪತ್ರಿಕೆ ಎಂಟು ಸಂಪಾದಕರನ್ನು ಕಂಡಿತು. ಒಬ್ಬರು ಜೈಲಿಗೆ ಹೋದರೆ ಅಡಿಯ ಸಾಲಿಗೆ ಇನ್ನೊಬ್ಬರ ಹೆಸರು ಬರುವುದು. ಆ ಹುದ್ದೆಗೆ ಸಂಬಳವೆಂದರೆ ಒಣರೊಟ್ಟಿ, ತಣ್ಣೀರು, ಸೆರೆಮನೆ ಎಂಬರ್ಥದ ಜಾಹೀರಾತನ್ನೇ ಪ್ರಕಟಿಸಿದ್ದರಂತೆ.

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ‘ಯಂಗ್ ಇಂಡಿಯಾ’ದ ಲೇಖನಗಳಿಗಾಗಿ ಗಾಂಧೀಜಿಯವರಿಗೆ ಆರು ವರ್ಷ ಶಿಕ್ಷೆಯಾದದ್ದು ಎಲ್ಲರಿಗೂ ಗೊತ್ತು. ಅದೇ ಕಟಕಟೆಯಲ್ಲಿ ಪಕ್ಕದಲ್ಲಿ ನಿಂತಿದ್ದವರು ಪತ್ರಿಕೆಯ ಮುದ್ರಕ ಶಂಕರಲಾಲ್ ಬ್ಯಾಂಕರ್. ಅವರು ಆ ಲೇಖನಗಳಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ, ಅಚ್ಚು ಹಾಕಿಸಿದ್ದರು ಅಷ್ಟೆ. ಅವರಿಗೂ ಒಂದು ವರ್ಷ ಸೆರೆಯಾಯಿತು. ಆ ಸಣ್ಣ ಅಕ್ಷರಗಳ ಭಾರ ಎಷ್ಟೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಧಾರವಾಡದಲ್ಲಿ ರಂಗನಾಥ ದಿವಾಕರರು 1921ರಲ್ಲಿ ‘ಕರ್ಮವೀರ’ವನ್ನು ಆರಂಭಿಸಿದ್ದು ಇದೇ ಗಾಳಿಯಲ್ಲಿ. ಆ ಕಾಲದ ಪತ್ರಿಕೆಗೆ ನಿಷ್ಪಕ್ಷಪಾತ ಎಂಬುದು ಗುಣವಾಗಿರಲಿಲ್ಲ. ಪಕ್ಷ ವಹಿಸುವುದೇ ಅದರ ಧರ್ಮ.

ಸ್ವಾತಂತ್ರ್ಯ ಬಂದ ಮೇಲೆ ಧರ್ಮ ಬದಲಾಗಲೇಬೇಕಾಯಿತು. 1948ರ ಅಕ್ಟೋಬರ್ 15ರಂದು ಬೆಂಗಳೂರಿನಲ್ಲಿ ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’, 1970ರ ಹೊಸವರ್ಷದ ದಿನ ಮಣಿಪಾಲದಲ್ಲಿ ‘ಉದಯವಾಣಿ’. ನನ್ನ ಬಾಲ್ಯದಲ್ಲಿ ನಮ್ಮೂರಿಗೆ ಪತ್ರಿಕೆ ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿತ್ತು. ಜಗಲಿಯ ಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಹತ್ತು ಮಂದಿ ಕೇಳುವುದು. ಯಾವ ಪಕ್ಷದವನೂ ಎದ್ದು ಹೋಗದಂತೆ ಬರೆಯುವ ಕಲೆ ಆಗ ಬೇಕಾಯಿತು. ಹೊಸ ವರದಿಯ ಶೈಲಿ ಹೀಗೆ ಬಂದದ್ದು: ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲ ವಾಕ್ಯದಲ್ಲಿ, ವಿವರ ಆಮೇಲೆ, ಕಡಿಮೆ ಮುಖ್ಯವಾದದ್ದು ಕೊನೆಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿಯ ತಲೆ ಉಳಿಯುತ್ತದೆ. ನಮ್ಮ ಹರಿಕಥೆ, ಪುರಾಣಗಳ ಕ್ರಮಕ್ಕೆ ಇದು ಪೂರ್ತಿ ತಿರುಗುಮುರುಗು. ಹರಿದಾಸರು ರಾವಣ ಸತ್ತದ್ದನ್ನು ಮೊದಲೇ ಹೇಳಿ ಆಮೇಲೆ ಕಾರಣ ಹೇಳಿದರೆ ಯಾರು ಕುಳಿತು ಕೇಳುತ್ತಾರೆ!

ಈ ಶೈಲಿಯ ಜೊತೆಗೆ ಒಂದು ವ್ಯಾಕರಣವೂ ಬಂದಿತು, ಕನ್ನಡ ಮೇಷ್ಟ್ರಾಗಿ ನಾನು ಅದರ ಮುಂದೆ ಸ್ವಲ್ಪ ನಿಲ್ಲಲೇಬೇಕು. ದೇಶವಿದೇಶಗಳ ಸುದ್ದಿ ಟೆಲಿಪ್ರಿಂಟರಿನಲ್ಲಿ ಇಂಗ್ಲಿಷಿನಲ್ಲಿ ಇಳಿಯುತ್ತಿತ್ತು. ರಾತ್ರಿಪಾಳಿಯ ಉಪಸಂಪಾದಕರು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ನಾವು ಮನೆಯಲ್ಲಿ ‘ಅನ್ನ ಮಾಡಲಾಗಿದೆ’ ಎನ್ನುವುದಿಲ್ಲ, ಅಮ್ಮ ಅನ್ನ ಮಾಡಿದ್ದಾಳೆ ಎನ್ನುತ್ತೇವೆ. ಪತ್ರಿಕೆಯಲ್ಲಿ ಮಾತ್ರ ನಿರ್ಧರಿಸಲಾಯಿತು, ಆದೇಶಿಸಲಾಗಿದೆ, ತಿಳಿದುಬಂದಿದೆ, ಎನ್ನಲಾಗಿದೆ. ಕರ್ತೃವೇ ಮಾಯ. ‘ಎನ್ನಲಾಗಿದೆ’ಗೆ ಒಂದು ನ್ಯಾಯವಾದ ಬಳಕೆ ಉಂಟು: ಆರೋಪ ಸಾಬೀತಾಗುವ ಮೊದಲು ಒಬ್ಬನನ್ನು ಕಳ್ಳನೆಂದು ಕರೆಯಬಾರದು, ಕದ್ದನೆನ್ನಲಾದ ವ್ಯಕ್ತಿ ಎನ್ನುವುದೇ ಸರಿ. ಆದರೆ ಎಂದವರು ಯಾರು ಎಂಬುದನ್ನು ಹೇಳದೆ ತಪ್ಪಿಸಿಕೊಳ್ಳಲೂ ಅದೇ ಪದ ಒದಗುತ್ತದೆ.

ಕ್ರಿಯಾಪದಗಳೂ ಹಾಗೆಯೇ. ಸಚಿವರು ಹೇಳಿದರು, ಸಚಿವರು ಸ್ಪಷ್ಟಪಡಿಸಿದರು, ಸಚಿವರು ಒಪ್ಪಿಕೊಂಡರು, ಸಚಿವರು ಹೇಳಿಕೊಂಡರು. ಆಡಿದ ಮಾತು ಒಂದೇ ಇರಬಹುದು. ಸ್ಪಷ್ಟಪಡಿಸಿದರೆಂದರೆ ವರದಿಗಾರ ನಂಬಿದ್ದಾನೆ; ಒಪ್ಪಿಕೊಂಡರೆಂದರೆ ತಪ್ಪು ಅವರದೇ ಎಂದಾಯಿತು; ಹೇಳಿಕೊಂಡರೆಂದರೆ ನಂಬಬೇಡಿ ಎಂದು ಕಣ್ಣು ಹೊಡೆದಂತೆ. ಒಂಬತ್ತನೆಯ ತರಗತಿಯಲ್ಲಿ ಒಂದೇ ದಿನದ ಎರಡು ಪತ್ರಿಕೆಗಳನ್ನು ತರಿಸಿ, ಒಂದೇ ಸಭೆಯ ಎರಡು ವರದಿಗಳ ಕ್ರಿಯಾಪದಗಳಿಗೆ ಗೆರೆ ಎಳೆಸುತ್ತಿದ್ದುದು ನಿಮಗೆ ನೆನಪಿರಬಹುದು. ಅಭಿಪ್ರಾಯವು ಸಂಪಾದಕೀಯ ಪುಟದಲ್ಲಿ ಮಾತ್ರ ಇರುತ್ತದೆಂಬ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದು ಆ ಗೆರೆಗಳಿಂದಲೇ ತಿಳಿಯುತ್ತಿತ್ತು.

ತುರ್ತುಪರಿಸ್ಥಿತಿ ಬಂದಾಗ ನಾನಿನ್ನೂ ಶಾಲಾ ಹುಡುಗ. ಸೆನ್ಸಾರ್ ಎಂಬ ಪದ ಸಿನಿಮಾಕ್ಕೆ ಸಂಬಂಧಿಸಿದ್ದೆಂದಷ್ಟೇ ತಿಳಿದಿತ್ತು. 1975ರ ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತೆಂಬುದನ್ನು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಬರೆಯಲಾಗದಿರುವುದನ್ನು ಓದುಗನಿಗೆ ತೋರಿಸುವ ಬಗೆಯೂ ಒಂದು ಶೈಲಿಯೇ.

1980ರ ಜುಲೈ 6ರಂದು ‘ಲಂಕೇಶ್ ಪತ್ರಿಕೆ’ ಬಂದಾಗ ಈ ವರದಿಯ ವ್ಯಾಕರಣ ಮುರಿಯಿತು. ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪನವನ್ನು ಬಿಟ್ಟ ಪಿ. ಲಂಕೇಶರು ಟ್ಯಾಬ್ಲಾಯ್ಡ್ ಆಕಾರದಲ್ಲಿ, ಜಾಹೀರಾತು ಒಲ್ಲೆನೆಂದು, ಓದುಗರ ಹಣದಿಂದಲೇ ನಡೆಸಿದ ವಾರಪತ್ರಿಕೆ. ಜಾಹೀರಾತಿಲ್ಲದೆ ನಡೆಸುವುದನ್ನು ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಮಾಡಿ ತೋರಿಸಿದ್ದರು, ಶೈಲಿ ಮಾತ್ರ ಗಾಂಧೀಜಿಗೆ ತದ್ವಿರುದ್ಧ. ಇಲ್ಲಿ ‘ಎನ್ನಲಾಗಿದೆ’ ಇಲ್ಲ. ನಾನು ಹೇಳುತ್ತೇನೆ, ಹೀಗೆ ನಡೆದಿದೆ, ಇವನೇ ಮಾಡಿದ್ದು. ಗುಂಡೂರಾಯರ ಸರ್ಕಾರವನ್ನು ಕಾಡಿದ ವರದಿಗಳ ಪಕ್ಕದಲ್ಲೇ ಕಥೆಯೂ ಕವಿತೆಯೂ ಇರುತ್ತಿದ್ದವು. ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕರು ಒಂದು ಕಾಲದಲ್ಲಿ ಆ ಪತ್ರಿಕೆಗೆ ವರದಿಗಾರ್ತಿ. ಅಡ್ಡಹೆಸರಿಟ್ಟು ಗೇಲಿ ಮಾಡುವ ಚಟ ನನಗೆಂದೂ ಹಿಡಿಸಲಿಲ್ಲ. ಗೇಲಿಗೆ ಒಳಗಾದವನ ಮಕ್ಕಳೂ ಶಾಲೆಗೆ ಬರುತ್ತಾರಲ್ಲ. ಆದರೆ ಬರೆದವರು ಯಾರೆಂಬ ಸಂಶಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಪತ್ರಿಕೆಯ ಹೆಸರೇ ಸಂಪಾದಕರ ಹೆಸರು.

ಆ ಆಕಾರವನ್ನು ಅನುಕರಿಸಿದವರಲ್ಲಿ ಹಲವರು ಗಾತ್ರವನ್ನಷ್ಟೇ ಕಲಿತರು. 2008ರ ಸುಮಾರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಬಿಸಿಯೂಟದ ಅಕ್ಕಿ ಮಾರಾಟವಾಗುತ್ತಿದೆಯೆಂದು ಒಂದು ಸ್ಥಳೀಯ ವಾರಪತ್ರಿಕೆ ಬರೆಯಿತು. ಅರ್ಧ ಪುಟದ ಬರಹದಲ್ಲಿ ‘ಎನ್ನಲಾಗಿದೆ’ ಏಳು ಬಾರಿ. ನಮ್ಮ ಮುಖ್ಯ ಅಡುಗೆಯವರು ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದ ಹೆಣ್ಣುಮಗಳು. ಹೆಸರು ಬರೆದಿರಲಿಲ್ಲ, ಆದರೆ ಊರಿಗೆಲ್ಲ ಅರ್ಥವಾಗುವಂತೆ ಬರೆದಿದ್ದರು. ತಾಲ್ಲೂಕಿನಿಂದ ಬಂದು ದಾಸ್ತಾನು ಪುಸ್ತಕವನ್ನೂ ಚೀಲಗಳನ್ನೂ ಎಣಿಸಿದರು, ಲೆಕ್ಕ ಸರಿಯಾಗಿತ್ತು. ಪತ್ರಿಕೆಯ ಅಡಿಯಲ್ಲಿ ವಿಳಾಸವಿತ್ತು. ತನಿಖೆಯ ಪ್ರತಿಯನ್ನು ಲಗತ್ತಿಸಿ ಆ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆವು. ಮೂರು ವಾರದ ಮೇಲೆ ಒಳಪುಟದಲ್ಲಿ ನಾಲ್ಕು ಸಾಲಿನ ವಿಷಾದ ಪ್ರಕಟವಾಯಿತು. ಅಷ್ಟರಲ್ಲಿ ಆಕೆ ಕೆಲಸ ಬಿಟ್ಟು ತವರಿಗೆ ಹೋಗಿಯಾಗಿತ್ತು. ಹೇಳಿ ಕಳುಹಿಸಿದರೂ ಮರಳಿ ಬರಲಿಲ್ಲ. ಆ ವಿಳಾಸವೊಂದು ಇಲ್ಲದಿದ್ದರೆ ನಾಲ್ಕು ಸಾಲೂ ಸಿಗುತ್ತಿರಲಿಲ್ಲವೆಂಬುದನ್ನೂ ಹೇಳಬೇಕು.

ದೊಡ್ಡ ಪತ್ರಿಕೆಗಳು ಈ ರೋಗಕ್ಕೆ ಹೊರತೆಂದು ತಿಳಿಯಬೇಡಿ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ, ಒಬ್ಬ ನಾಯಕನನ್ನು ಹೊಗಳಿದ ಒಂದೇ ಲೇಖನ, ಅಕ್ಷರವೂ ಬದಲಾಗದೆ, ಒಂದಕ್ಕೊಂದು ಪ್ರತಿಸ್ಪರ್ಧಿಗಳಾದ ಪತ್ರಿಕೆಗಳಲ್ಲಿ ಬೇರೆ ಬೇರೆ ಲೇಖಕರ ಹೆಸರಿನಲ್ಲಿ ಅಚ್ಚಾದದ್ದನ್ನು ಪಿ. ಸಾಯಿನಾಥರು ‘ದಿ ಹಿಂದೂ’ವಿನಲ್ಲಿ ಬಯಲಿಗೆಳೆದರು. ಸಹಿ ಇದೆ, ಬರೆದವನಿಲ್ಲ. ಕಾಸಿಗಾಗಿ ಸುದ್ದಿ ಎಂಬ ಹೆಸರು ಅದಕ್ಕೆ ಬಿದ್ದಿತು. ಭಾರತೀಯ ಪತ್ರಿಕಾ ಮಂಡಳಿ ನೇಮಿಸಿದ ಇಬ್ಬರ ಉಪಸಮಿತಿ 2010ರಲ್ಲಿ ಪತ್ರಿಕೆಗಳ ಹೆಸರು ಸಹಿತ ವರದಿ ಸಿದ್ಧಪಡಿಸಿದರೂ, ಪೂರ್ತಿ ವರದಿ ಹೊರಬಂದದ್ದು ಮರುವರ್ಷ. ಇದೇ ಸಾಯಿನಾಥರು 1990ರ ದಶಕದಲ್ಲಿ ದೇಶದ ಅತಿ ಬಡ ಜಿಲ್ಲೆಗಳನ್ನು ಸುತ್ತಿ ಬರೆದ ವರದಿಗಳು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಜಿ.ಎನ್. ಮೋಹನರ ಅನುವಾದದಲ್ಲಿ ಕನ್ನಡಕ್ಕೂ ಬಂದಿವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಕೊಡಿಸಿ.

ಇನ್ನೊಂದು ಬಗೆಯ ಪತ್ರಿಕೋದ್ಯಮ ನಮ್ಮಲ್ಲಿ ಸದ್ದಿಲ್ಲದೆ ಬೆಳೆದಿದೆ, ಅದನ್ನು ಪಠ್ಯಪುಸ್ತಕದವರು ಗಮನಿಸುವುದು ಕಡಿಮೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟರು. ಶ್ರೀ ಪಡ್ರೆಯವರು ಅದರ ಹಿಂದಿನ ಶಕ್ತಿ. ಅಡಿಕೆ ಸುಲಿಯುವುದನ್ನೂ ಮಳೆನೀರು ಇಂಗಿಸುವುದನ್ನೂ ಮಾಡಿ ನೋಡಿದವರೇ ಬರೆಯುತ್ತಾರೆ, ತಮ್ಮ ಹೆಸರಿನಲ್ಲಿ. ಮಾಡಿದ್ದು ಸುಳ್ಳಾದರೆ ಓದುಗ ತೋಟಕ್ಕೇ ಬಂದು ನಿಲ್ಲುತ್ತಾನೆ! ಅಷ್ಟು ಹತ್ತಿರದ ಹೊಣೆ ಯಾವ ಕಾಯಿದೆಯಿಂದಲೂ ಬಾರದು.

ಓದುಗರ ಪತ್ರಗಳದೂ ಅದೇ ಗುಣ. ‘ವಾಚಕರ ವಾಣಿ’ಗೆ ಬರೆಯುವವರು ಹೆಸರು, ಊರು ಕೊಡಲೇಬೇಕು. ಪರೀಕ್ಷೆಗೆಂದು ನಿಮ್ಮಿಂದ ಸಂಪಾದಕರಿಗೆ ಪತ್ರ ಬರೆಸಿದಾಗ ನಲವತ್ತು ಮಂದಿಯೂ ಬಸ್ ನಿಲ್ದಾಣದ ಅವ್ಯವಸ್ಥೆಯ ಮೇಲೆಯೇ ಬರೆಯುತ್ತಿದ್ದಿರಿ, ನಮ್ಮೂರಿನಲ್ಲಿ ಬಸ್ ನಿಲ್ದಾಣವೇ ಇರಲಿಲ್ಲವೆಂಬುದು ಬೇರೆ ಮಾತು. ಒಬ್ಬ ಹುಡುಗಿ ಮಾತ್ರ ಹಳ್ಳದ ಕಾಲುಸಂಕ ಮುರಿದ ವಿಷಯವನ್ನು ಬರೆದು ನಿಜವಾಗಿಯೂ ಅಂಚೆಗೆ ಹಾಕಿದ್ದಳು. ಪತ್ರ ಅಚ್ಚಾದ ದಿನ ಪಂಚಾಯಿತಿಯವರು ಬಂದು ಕೇಳಿದ ಮೊದಲ ಪ್ರಶ್ನೆ, ಈ ಹೆಸರಿನವಳು ಯಾರು? ಅವಳು ಎದ್ದು ನಿಂತಳು. ಮಳೆಗಾಲಕ್ಕೆ ಮೊದಲು ಸಂಕ ಆಯಿತು.

ಈಗ ನಮ್ಮ ಮನೆಗಳಿಗೆ ಬರುವ ಸುದ್ದಿಯ ದೊಡ್ಡ ಪಾಲು ಯಾವ ಅಡಿಸಾಲೂ ಇಲ್ಲದ್ದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಹಲ್ಲೆ ಮಾಡಿದವರನ್ನು ಪೊಲೀಸರು ಹಿಡಿದರು. ಆದರೆ ದೇಶದ ಉದ್ದಗಲಕ್ಕೂ ಜೀವ ತೆಗೆದ ಆ ವದಂತಿಗೆ ಸಂಪಾದಕರಾರು, ಮುದ್ರಕರಾರು? ಅದೇ ತಿಂಗಳು ಕಂಪನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿದರು. 2021ರ ನಿಯಮಗಳ ಪ್ರಕಾರ ಅಂತರಜಾಲದ ಸುದ್ದಿತಾಣಗಳು ದೂರು ಕೇಳುವ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ನಮ್ಮ ಬಂಧುಬಳಗದ ಗುಂಪಿಗೆ ಬೆಳಿಗ್ಗೆ ಐದೂವರೆಗೆ ಬರುವ ಸಂದೇಶಕ್ಕೆ ಅಂಥ ಅಧಿಕಾರಿಯಿಲ್ಲ. ಇದನ್ನು ಬರೆದವರು ಯಾರು ಎಂದು ನಾನು ಕೇಳುತ್ತೇನೆ. ‘ಬಂದಿತ್ತು, ಕಳಿಸಿದೆ’ ಎಂಬ ಉತ್ತರ ಬರುತ್ತದೆ. ‘ಎನ್ನಲಾಗಿದೆ’ಯ ಮೊಮ್ಮಗ ಈ ‘ಬಂದಿತ್ತು’.

1867ರ ಕಾಯಿದೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿ ಈಗ ಇಲ್ಲವಾಗಿದೆ. 2023ರಲ್ಲಿ ಒಪ್ಪಿಗೆಯಾದ ನಿಯತಕಾಲಿಕೆಗಳ ಹೊಸ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಅದರ ಜಾಗಕ್ಕೆ ಬಂದಿದೆ. ಹಳೆಯ ಪದ್ಧತಿಯಲ್ಲಿ ಪ್ರತಿ ವರ್ಷ ಫೆಬ್ರುವರಿ ಕಳೆದ ಮೇಲಿನ ಮೊದಲ ಸಂಚಿಕೆಯಲ್ಲಿ ನಾಲ್ಕನೆಯ ನಮೂನೆ ಎಂಬ ತಲೆಬರಹದಡಿ ಪತ್ರಿಕೆಯ ಮಾಲೀಕರು, ಮುದ್ರಕರು, ಸಂಪಾದಕರ ವಿವರ ಅಚ್ಚಾಗುತ್ತಿತ್ತು. ನನ್ನ ಬಳಿ ಅಂಥ ಕೆಲವು ತುಣುಕುಗಳಿವೆ. ನಿಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳಕ್ಕೆ ಹಾಸಿದ ಕಾಗದದಲ್ಲಿ, ನಿಂತುಹೋದ ಜಿಲ್ಲಾ ಪತ್ರಿಕೆಗಳೇನಾದರೂ ಸಿಕ್ಕಿದರೆ ತೂಕಕ್ಕೆ ಹಾಕುವ ಮುನ್ನ ಕೊನೆಯ ಪುಟದ ಅಡಿಯ ಸಾಲನ್ನೊಮ್ಮೆ ಓದಿ, ಚಿತ್ರ ತೆಗೆದು ನನಗೆ ಕಳುಹಿಸಿ. ಊರು, ವರ್ಷ, ಮುದ್ರಣಾಲಯದ ಹೆಸರು ಸ್ಪಷ್ಟವಾಗಿ ಕಾಣುವಂತಿರಲಿ.